ನಿಮ್ಮ ಬಾವಿಯ ನೀರು

ಅಕ್ಕಾ,

ಬದುಕಿರುವವರ ಹತ್ತಿರ ಹೇಳುವ ಮಾತಲ್ಲ ಇದು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನೀವು ತೀರಿಕೊಂಡ ಮೇಲೆ ಈ ಮನೆಗೆ ಎರಡನೆಯವಳಾಗಿ ಬಂದೆ. ದೇವರ ಮುಂದೆ ದಿನವೂ ನಿಮ್ಮ ಹೆಸರಿಗೊಂದು ದೀಪ ಹಚ್ಚಿದ್ದೇನೆ, ಅದರಲ್ಲಿ ಕಮ್ಮಿ ಮಾಡಿಲ್ಲ. ಆದರೆ ನಾನು ಮಾಡಿದ ಸಾರು ರುಚಿಯಾದರೂ ಇವರು ಹೊಗಳುವುದು ನೀವು ತೋಡಿಸಿದ ಬಾವಿಯ ನೀರನ್ನೇ.

ಇವತ್ತು ನೀರು ಪರೀಕ್ಷೆ ಮಾಡುವ ಹುಡುಗಿ ವರದಿ ತಂದಳು. ಬಾವಿಯಲ್ಲಿ ಯುರೇನಿಯಂ ಮಿತಿ ಮೀರಿದೆಯಂತೆ, ಸೀಸವೂ ಇದೆಯಂತೆ. ಸುಳ್ಳೇಕೆ, ನಾನು ಒಳಗೊಳಗೇ ಹಿಗ್ಗಿದೆ.

"ಯಾವಾಗ ಸೇರ್ಕೊಂಡಿತಮ್ಮಾ ಇದು?" ಎಂದರು ಇವರು.

"ಯುರೇನಿಯಂ ಕೆಳಗಿನ ಬಂಡೆಯಲ್ಲೇ ಇರೋದು ಯಜಮಾನ್ರೇ, ಮೊದಲಿಂದ್ಲೂ ಇದ್ದಿರುತ್ತೆ. ಕಿಡ್ನಿಗೆ ಒಳ್ಳೇದಲ್ಲ."

ಇವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಅವಳು ಹೋಗಿದ್ದೂ ಕಿಡ್ನಿಯಿಂದ್ಲೇ. ನಾನೇ ಕೈಯಾರೆ ಸೇದಿ ಕೊಟ್ಟೆನಲ್ಲಪ್ಪಾ!" ಎಂದು ಮಗುವಿನ ಹಾಗೆ ಅತ್ತರು. ಇಷ್ಟು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಆಗ ಆ ಹುಡುಗಿ ನನ್ನ ಕಡೆ ತಿರುಗಿ, "ನೀವೂ ಇದನ್ನೇ ಕುಡೀತಿದ್ರಾ ಅಮ್ಮಾ?" ಎಂದು ಕೇಳಿದಳು.

ಆ ಮಾತು ಇವರ ಬಾಯಲ್ಲಿ ಬರಬೇಕಿತ್ತು, ಅಕ್ಕಾ.