ಕರೆ ಬಂದಾಗ ನಮ್ಮ 4ಜಿ ಎಲ್ಲಿಗೆ ಹೋಗುತ್ತದೆ?

ದೂರವಾಣಿ ಸೇವೆಯ ಗುಣಮಟ್ಟ ಕಾಯುವ ಮಾನ್ಯ ಅಧಿಕಾರಿಗಳೇ,

ಆಲೂರು ಮಂಡಲದ ನಮ್ಮೂರಿನಲ್ಲಿ ಮೊಬೈಲ್ ಕೈಯಲ್ಲಿದ್ದರೆ 4ಜಿ, ಕಿವಿಗೆ ಹಿಡಿದರೆ 2ಜಿ. ಮಾತು ಮುಗಿದ ಕೂಡಲೇ ಮತ್ತೆ 4ಜಿ. ಇದು ತಮಗೆ ಗೊತ್ತಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದೀರೋ? ಎರಡನೆಯದೇ ಇರಬೇಕೆಂದು ನನ್ನ ಗುಮಾನಿ.

ನನ್ನ ಸೋದರತ್ತೆ ಬಸವಕ್ಕ ನಲವತ್ತೆರಡು ಕುರಿ ಸಾಕಿದ್ದಳು. ಹೋದ ತಿಂಗಳು ಒಂದು ಬೆಳಿಗ್ಗೆ, ಬದುವಿನಲ್ಲಿ ಯಾರೋ ಎಸೆದಿದ್ದ, ಬೆಳೆಗೆ ಹೊಡೆಯುವ ಔಷಧಿಯ ಪಾಕೀಟಿಗೆ ಬಾಯಿ ಹಾಕಿದ ಕುರಿಗಳು ನೊರೆ ಕಾರುತ್ತ ಬೀಳತೊಡಗಿದವು. ನಾನೂ ಅಲ್ಲಿದ್ದೆ. ಕೈಯಲ್ಲಿದ್ದದ್ದು ಅತ್ತೆಯ ಫೋನ್ ಒಂದೇ, ಅದರಿಂದಲೇ ಪಶುವೈದ್ಯರಿಗೆ ಕರೆ ಮಾಡಿದೆವು. ಪಾಕೀಟಿನ ಅಕ್ಷರ ಅರ್ಧ ಅಳಿಸಿತ್ತು. ನಾನು ಓದಿದ್ದು ಅವರಿಗೆ ತಿಳಿಯಲಿಲ್ಲ.

"ಫೋಟೋ ಕಳಸ್ರಿ. ಯಾವ ವಿಷ ಅಂತ ತಿಳಿದ್ರ ಆಲೂರಿಂದ ನಮ್ಮ ಕಾಂಪೌಂಡರ್ ರಾಮಾಂಜಿ ಕೈಲಿ ಇಂಜೆಕ್ಷನ್ ಕಳಸ್ತೀನಿ. ಲೈನ್‌ನಾಗೇ ಇರ್ರಿ," ಎಂದರು.

ಕಳಿಸಿದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

"ಬಂತೇನ್ರಿ ಡಾಕ್ಟ್ರೇ?"

"ಇಲ್ಲಮ್ಮಾ, ಬಂದಿಲ್ಲ."

ಹೀಗೇ ಇಪ್ಪತ್ತು ನಿಮಿಷ. ಕೊನೆಗೆ ಕರೆ ತಾನಾಗಿಯೇ ಕಡಿದುಹೋಯಿತು. ಆ ಕ್ಷಣವೇ ಫೋಟೋ ಹೋಯಿತು! ರಾಮಾಂಜಿ ಬೈಕಿನಲ್ಲಿ ಬಂದು ಮೂವತ್ತೊಂದನ್ನು ಉಳಿಸಿದ. ಹನ್ನೊಂದು ಅಷ್ಟರಲ್ಲೇ ಸತ್ತಿದ್ದವು. ಸತ್ತ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಕೇಳಿದಳು: "ಲೈನ್ ಕಟ್ಟಾಗಬಾರ್ದಂತ ಗಟ್ಟಿ ಹಿಡ್ಕಂಡಿದ್ನಲ್ಲೇ ಪದ್ಮೀ, ನಾನೇ ಕೊಂದ್ನೇನು?"

ಕಂಪನಿಯವರಿಗೆ ದೂರು ಕೊಟ್ಟೆ. "ಮೀ ಫೋನ್ ಪ್ರಾಬ್ಲಮ್, ಮೇಡಮ್" ಎಂದು ತೆಲುಗಿನಲ್ಲಿ ತಪ್ಪನ್ನು ನಮ್ಮ ಫೋನಿನ ಮೇಲೇ ಹಾಕಿದರು. ನನ್ನ ತಮ್ಮ ಸುಂಕೇಶನ ಹೊಸ ಫೋನಿನಲ್ಲೂ ಅದೇ ಕಥೆ. ತಮ್ಮ ಕಚೇರಿಗೆ ಬರೆದೆ. ಮೂರನೇ ದಿನ ಉತ್ತರ ಬಂತು: 'ಸ್ಥಳ ಪರಿಶೀಲಿಸಲಾಗಿದೆ, ವೇಗ ತೃಪ್ತಿಕರವಾಗಿದೆ.' ಎಂಥ ದಕ್ಷತೆ! ಬಂದವರನ್ನು ಊರಿನಲ್ಲಿ ಯಾರೂ ಕಾಣಲಿಲ್ಲ. ಬಂದಿದ್ದರೆಂದೇ ಇಟ್ಟುಕೊಳ್ಳೋಣ, ವೇಗ ಅಳೆಯುವಾಗ ಒಂದು ಕರೆಯನ್ನಾದರೂ ಮಾಡಿದ್ದರೇ?

ನಿಜ ಹೇಳಿದ್ದು ಟವರ್ ರಿಪೇರಿಗೆ ಬಂದವನು. "ಅಕ್ಕಾ, ಇಲ್ಲಿ 4ಜಿ ಬರೀ ನೆಟ್ಟಿಗೆ ಐತಿ. ಮಾತಿಗೆ ಹಳೇ ನೆಟ್‌ವರ್ಕೇ. ಕಾಲ್ ಬಂದ್ರ ಫೋನ್ ಕೆಳಗ 2ಜಿಗೆ ಇಳೀತೈತಿ, ಮಾತು ಮುಗಿಯೋ ತನಕ ನೆಟ್ ನಿಂತಿರ್ತೈತಿ. ನಾ ಹೇಳ್ದೆ ಅನಬ್ಯಾಡ." ಅವನ ಹೆಸರು ಬರೆಯಲಾರೆ. ಆದರೆ ಒಬ್ಬ ರಿಪೇರಿಯವನಿಗೆ ಗೊತ್ತಿರುವುದು ತಮ್ಮ ಕಡತಕ್ಕೆ ಗೊತ್ತಿಲ್ಲವೇ? ಗೋಡೆಯಷ್ಟಗಲದ ಜಾಹೀರಾತಿನಲ್ಲಿ ಈ ಒಂದು ಸಾಲಿಗೆ ಜಾಗವಿರಲಿಲ್ಲವೇ? ತಿಳಿದಿದ್ದರೆ ಅಂದು ಕರೆ ಮುಗಿಸಿ ಫೋಟೋ ಕಳಿಸುತ್ತಿದ್ದೆವು. ಬೇಕಾಗಿದ್ದದ್ದು ಅಷ್ಟೇ.

ತಾವು ನಮ್ಮೂರಿಗೆ ಬನ್ನಿ. ಬಸವಕ್ಕನ ಮುಂದೆ ನಿಂತು, ಕರೆಯಲ್ಲಿರುವಾಗಲೇ ಒಂದು ಫೋಟೋ ಕಳಿಸಿ. ಅದು ಹೋಗದಿದ್ದರೆ, ಕುರಿ ಕೊಂದದ್ದು ಅವಳಲ್ಲ ಎಂದು ತಮ್ಮ ಬಾಯಿಂದಲೇ ಅವಳಿಗೆ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ.

ಇಂತಿ,
ತಮ್ಮ 'ತೃಪ್ತಿಕರ' ಪಟ್ಟಿಯಲ್ಲಿರುವ
ಪದ್ಮಜಾ
ಆಲೂರು ಮಂಡಲ