ಕಿಟಕಿಗೆ ಹಾಕಿದ ಲಂಗ

ಮೇ ೨೭, ಬೆಳಿಗ್ಗೆ

ಇನ್ನೊಂದು ಲಂಗದ ಅಂಚು ಮುಗಿಯಿತು. ಈ ಸಲ ಹಳದಿಗೆ ನೇರಳೆ. ಸಂತ ಅಂತೋನಿಯ ಹಬ್ಬದ ಹಿಂದಿನ ದಿನ ಲಿಸ್ಬನ್ನಿನ ಕೇರಿಕೇರಿಯೂ ಕುಣಿದು ಪೈಪೋಟಿಗಿಳಿಯುವವರೆಗೆ ಈ ಬಣ್ಣ ಹೊರಗೆ ಗೊತ್ತಾಗಬಾರದು. ಗುಟ್ಟು ಬಿಟ್ಟವರಿಗೆ ಮೆರವಣಿಗೆಯಲ್ಲಿ ಜಾಗವಿಲ್ಲ — ಅಜ್ಜಿಯ ಕಾಲದ ಕಟ್ಟಳೆ.

ಬಾಡಿಗೆ ಮನೆಯನ್ನು ಮಾಲೀಕರು ಮಾರಿದ್ದಾರೆ. ಜೂನ್ ಕೊನೆಗೆ ಖಾಲಿ ಮಾಡಬೇಕು. ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುತ್ತಾರಂತೆ. ನನಗೆ ನದಿಯಾಚೆ ತಂಗಿಯ ಮನೆಯೇ ಗತಿ. ಯಾರಿಗೂ ಹೇಳಿಲ್ಲ. ಈ ಮನೆಯಲ್ಲಿ ಇದ್ದುಕೊಂಡೇ ಇದೊಂದು ಸಲ ಕುಣಿಯಬೇಕು. ಅಷ್ಟೇ ಆಸೆ.

ಮೇ ೩೧

ಲಂಗದ ಮೇಲೆ ಭೂತಾಯಿ ಮೀನಿನ ಎಣ್ಣೆ ಚೆಲ್ಲಿತು. ಒಗೆದೆ. ಒಗೆದದ್ದನ್ನು ಕಿಟಕಿಯ ಹಗ್ಗಕ್ಕೆ ಹಾಕಿದೆ. ನಲವತ್ತು ವರ್ಷದ ಅಭ್ಯಾಸ — ಕೈ ತಲೆಯನ್ನು ಕೇಳುವುದಿಲ್ಲ. ಅಂಗಡಿಗೆ ಹೋಗಿ ಬಂದರೆ ಕೆಳಗೆ ಪ್ರವಾಸಿಗರು ಫೋಟೊ ಹೊಡೆಯುತ್ತಿದ್ದಾರೆ. ಓಡಿಹೋಗಿ ಒಳಗೆ ಎಳೆದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು.

ಜೂನ್ ೨, ಸಂಜೆ

ಎರ್ಮೀನಿಯು ಬಂದ. ಮೆರವಣಿಗೆಯ ಯಜಮಾನ. ಮೊಬೈಲು ಮುಂದೆ ಹಿಡಿದ. ಪ್ರವಾಸಿಗರು ನೆಟ್ಟಿಗೆ ಹಾಕಿದ ಫೋಟೊ. ಅದೇ ಲಂಗ.

"ಗುಡ್ಡದ ಕೇರಿಯವ್ರು ನೋಡಿ ಹಲ್ಲು ಕಿರೀತಿದ್ದಾರೆ, ಜುಲ್ಮಿರಕ್ಕ."

"ನನ್ನ ಕಿಟಕಿನೇ ಅಂತ ಹ್ಯಾಗೆ ಹೇಳ್ತೀಯೋ?"

"ಇಡೀ ಓಣೀಲಿ ಬಟ್ಟೆ ಒಣಗೋ ಕಿಟಕಿ ಇನ್ಯಾವ್ದಿದೆ? ಉಳಿದವೆಲ್ಲ ಟೂರಿಸ್ಟ್ ರೂಮು. ಅವ್ರೇನು ಇಲ್ಲಿ ಚಡ್ಡಿ ಒಗೆಯೋಕೆ ಬರ್ತಾರಾ?"

ನನಗೆ ನಗು ಬಂತು. ಅವನಿಗೆ ಬರಲಿಲ್ಲ. ಭಾನುವಾರ ಎಲ್ಲರೂ ಕೂತು ತೀರ್ಮಾನ ಮಾಡ್ತೀವಿ ಅಂದ.

ಜೂನ್ ೭

ಕ್ಲಬ್ಬಿನಲ್ಲಿ ಸೇರಿದರು. ಎಲ್ಲ ನಮ್ಮ ಕೇರಿಯವರೇ — ಬಾಡಿಗೆ ಏರಿ ಒಬ್ಬೊಬ್ಬರಾಗಿ ನದಿಯಾಚೆ ಹೋದವರು. ತಾಲೀಮಿಗೆ ಬೋಟು ಹತ್ತಿ ಬರುತ್ತಾರೆ. ಒಂದು ಕಾಲದ ಪಕ್ಕದ ಮನೆಯ ಫಿಲೊಮೆನಾಳೇ ಮೊದಲು ಎದ್ದಳು.

"ಕಟ್ಟಳೆ ಅಂದ್ರೆ ಕಟ್ಟಳೆ. ತೆಗೀರಿ ಇವಳನ್ನ."

ಎರ್ಮೀನಿಯು ತಲೆ ಕೆರೆದುಕೊಂಡ. "ತೆಗೀಬಹುದು. ಆಮೇಲೆ ಈ ಕೇರೀಲಿ ಮಲಗಿ ಏಳೋರು ನಮ್ಮಲ್ಲಿ ಒಬ್ರೂ ಉಳಿಯಲ್ಲ. ಯಾವ ಮುಖ ಇಟ್ಕೊಂಡು ಕೇರಿ ಹೆಸರು ಹೇಳೋದು?"

ಫಿಲೊಮೆನಾ ಕೂತಳು. ನಾನು ಉಳಿದೆ.

ಮನೆ ಬಿಡುವ ವಿಷಯ ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಜೂನ್ ೧೩

ನಿನ್ನೆ ರಾತ್ರಿ ಕುಣಿದೆವು. ಬಹುಮಾನ ಗುಡ್ಡದವರಿಗೆ. ಹೋಗಲಿ ಬಿಡು. ಮುಗಿದ ಕೂಡಲೇ ಎಲ್ಲರೂ ಲಂಗ ಎತ್ತಿಕೊಂಡು ಬೋಟಿಗೆ ಓಡಿದರು. ಬೋಟು ನಿಲ್ಲುವ ಕಟ್ಟೆಯವರೆಗೆ ನಾನೂ ಹೋದೆ. ಫಿಲೊಮೆನಾ ನನ್ನ ಕೈ ಹಿಡಿದುಕೊಂಡಳು.

"ಆವತ್ತಿನ ಮಾತು ಮನಸ್ಸಲ್ಲಿ ಇಟ್ಕೋಬೇಡ ಕಣೇ. ನಡ್ಕೊಂಡು ಮನೆಗೆ ಹೋಗೋ ಪುಣ್ಯವಂತೆ ನೀನೊಬ್ಳೇ. ನೀನಿರೋವರ್ಗೂ ನಮಗೂ ಇದು ನಮ್ಮ ಕೇರಿ."

ಹೂಂ ಅಂದುಬಿಟ್ಟೆ. ಬೋಟು ಹೊರಟಿತು.

ಈಗ ಅವಳಿಗೆ ಫೋನು ಮಾಡಬೇಕು. ಬರುವ ವರ್ಷ ನಾನೂ ಅದೇ ಬೋಟಿನಲ್ಲಿ ಬರುವವಳು ಅಂತ ಹೇಳಬೇಕು.