ನದಿ ಬಿಟ್ಟುಕೊಡದ ಹೆಸರು

ಸೆಪ್ಟೆಂಬರ್ 24

ಇನ್ನೂ ಹೆಸರಿಡದ ಮಗಳ ಡಯಾಪರ್, ಹಾಲು, ಅಳು. ಮತ್ತೆ ಡಯಾಪರ್. ಅಮ್ಮ ಅಡುಗೆಮನೆಯ ವೈರ್‌ಲೆಸ್ ರೇಡಿಯೋ ಬಿಟ್ಟು ಕದಲುವುದಿಲ್ಲ. ಕಾರಿಬು ಜಿಂಕೆಯ ಬೇಟೆಗೆಂದು ನದಿಯ ಮೇಲ್ಭಾಗಕ್ಕೆ ಹೋದ ಅಪ್ಪ ಬಂದಿಲ್ಲ. ಮಗುಚಿದ ಬೋಟ್ ಸಿಕ್ಕಿದೆ. ಅವನು ಸಿಕ್ಕಿಲ್ಲ.

ಮ್ಯಾಪಿನಲ್ಲಿ ನಮ್ಮ ಕಜಾನ್ ನದಿ ಬರೀ ಒಂದು ನೀಲಿ ಗೆರೆ. ಅಮ್ಮನಿಗೆ ತಿರುವಿಗೊಂದು ಹೆಸರು. ಹುಡುಕುತ್ತಿರುವ ಸೈಲಸ್ ಅಣ್ಣನಿಗೆ ರೇಡಿಯೋದಲ್ಲಿ ಒಂದೊಂದೇ ಹೇಳುತ್ತಾಳೆ.

"ಕಾರಿಬು ನೀರಿಗಿಳಿಯೋ ದಡ ನೋಡಿದ್ಯಾ? ಅದರ ಕೆಳಗಿನ ಸುಳಿ? ನಿಮ್ಮ ತಾತ ಕಯಾಕ್ ದೋಣಿ ಒರಗಿಸ್ತಿದ್ದ ಬಂಡೆ?"

"ನೋಡಿದೆ ಅಮ್ಮಾ."

"ಸರಿಯಾಗಿ ನೋಡೋ. ನಿಂಗೆ ಮನೇಲಿ ಕಣ್ಣೆದುರಿಗಿರೋ ಚಮಚಾನೇ ಕಾಣಲ್ಲ."

ಸೆಪ್ಟೆಂಬರ್ 26, ಮಧ್ಯಾಹ್ನ

ಮಗಳ ಅಳು ನಿಂತಿಲ್ಲ. ನರ್ಸ್ ಗ್ಯಾಸ್ ಅಂದಳು. ಅಪ್ಪನ ಅಕ್ಕ, ಹಾಕ್ಪಿ ಅತ್ತೆ, ನಕ್ಕೇಬಿಟ್ಟಳು.

"ಗ್ಯಾಸೂ ಇಲ್ಲ ಗೀಸೂ ಇಲ್ಲ ಕಣೇ. ಹೆಸರಿಗೆ ಅಳ್ತಿದೆ. ನನ್ನ ತಮ್ಮ ಬಂದು ಬಾಗಿಲಲ್ಲಿ ನಿಂತಿದಾನೆ. ಅವನ ಹೆಸರಲ್ಲೇ, ತುಲುಗಾಕ್ ಅಂತ ಕರಿ, ಒಳಗೆ ಬರ್ತಾನೆ."

ಈ ಉತ್ತರದ ಹಿಮನಾಡಿನ ನಮ್ಮ ಜನರಲ್ಲಿ ತೀರಿಹೋದವರ ಹೆಸರು ಹುಟ್ಟಿದವರಿಗೆ. ಹೆಣ್ಣೋ ಗಂಡೋ, ಲೆಕ್ಕಕ್ಕಿಲ್ಲ. ಹೆಸರಿನ ಜೊತೆ ಅವರೇ ಬರುತ್ತಾರೆ. ಆದರೆ ತೀರಿಹೋದವರದು ಮಾತ್ರ!

ಅಮ್ಮ ಚಹಾ ಲೋಟ ಕುಕ್ಕಿದಳು. "ನನ್ನ ಗಂಡ ಸತ್ತಿಲ್ಲ. ಯಾರಾದ್ರೂ ಆ ಹೆಸರು ಇಟ್ಟು ನೋಡಿ."

ಇಬ್ಬರೂ ನನ್ನ ಮುಖ ನೋಡಿದರು. ಹೆಸರಿಟ್ಟರೆ ಅಪ್ಪನನ್ನು ನಾನೇ ಮುಳುಗಿಸಿದ ಹಾಗೆ. ಇಡದಿದ್ದರೆ… ಈ ಅಳು.

ಅಕ್ಟೋಬರ್ 3

ದಡದಲ್ಲಿ ಆಗಲೇ ಮಂಜುಗಡ್ಡೆ. ಮಗಳ ಕಿವಿಯಲ್ಲಿ ಹೆಸರು ಹೇಳೋಣ ಅಂತ ಬಾಯಿ ತೆರೆದೆ. ಆಗಲಿಲ್ಲ. ಅಪ್ಪನ ಮೇಲೇ ಸಿಟ್ಟು ಬಂತು.

ಅಕ್ಟೋಬರ್ 15, ಸಂಜೆ

ನದಿ ಹೆಪ್ಪುಗಟ್ಟಿತು. ಹುಡುಕಲು ಹೋಗಿದ್ದ ಉಳಿದವರೆಲ್ಲ ವಾಪಸ್. ಅಣ್ಣ ಒಬ್ಬನೇ ಇನ್ನೂ ದಡ ಸುತ್ತುತ್ತಿದ್ದಾನೆ.

ಅಮ್ಮ ಇವತ್ತು ರೇಡಿಯೋದಲ್ಲಿ ಯಾವ ತಿರುವಿನ ಸುದ್ದಿಯನ್ನೂ ಕೇಳಲಿಲ್ಲ. ಎದ್ದು ಬಂದಳು. ಕಿರುಚುತ್ತಿದ್ದ ಮಗಳನ್ನು ನನ್ನ ಕೈಯಿಂದ ಕಸಿದುಕೊಂಡು ಗದರಿದಳು—

"ರೀ, ಸಾಕು ನಿಮ್ಮ ರಂಪ! ಬೋಟಲ್ಲಿ ಎದ್ದು ನಿಲ್ಬೇಡಿ ಅಂತ ಎಷ್ಟು ಬಡ್ಕೊಂಡೆ, ಕೇಳಿದ್ರಾ? …ಆಯ್ತು. ಬಂದ್ರಲ್ಲ."

ಮಗುವಿನ ಅಳು ನಿಂತಿತು. ಅಮ್ಮನದು ಶುರುವಾಯಿತು.

ಈಗ ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿದೆ. ಮಗಳೇ ಅನ್ನಲೋ, ಅಪ್ಪಾ ಅನ್ನಲೋ? ಖುಷಿಯೋ, ಸಂಕಟವೋ… ಎರಡೂ ಒಟ್ಟಿಗೇ ಒತ್ತರಿಸಿ ಬರುತ್ತಿವೆ.

ಹೊರಗೆ ಅಣ್ಣನ ಗಾಡಿ ನಿಂತಿತು. ಪೆಟ್ರೋಲಿಗೆ ಬಂದಿರಬೇಕು, ಬೆಳಗ್ಗೆ ಮತ್ತೆ ಹೊರಡುವವನು. ಬೂಟು ಕಳಚುತ್ತಾ ಕೂಗುತ್ತಿದ್ದಾನೆ— "ಏನೇ, ಮನೆ ಯಾಕಿಷ್ಟು ಸುಮ್ನಿದೆ?"

ಏನು ಹೇಳಲಿ ಇವನಿಗೆ? ಅಪ್ಪ ಹೋದ ಅನ್ನಲೋ, ಅಪ್ಪ ಬಂದ ಅನ್ನಲೋ?